ನೀಲಿ ಬೋಗುಣಿಯಲ್ಲಿ ಪುಠಾಣಿ

ಧನಪಾಲನ ತಪ್ಪೇನೂ ಇರಲಿಲ್ಲ. ಯಮಕನಮರಡಿಯ ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಬಾರಿಸಿ ನೋಡುವುದು ಸನಾತನ ಪದ್ಧತಿ. ‘ಟಣ್’ ಎಂದರೆ ಗಟ್ಟಿ, ‘ಡಬ್’ ಎಂದರೆ ಸೀಳು. ಆದರೆ ಗೋಕಾಕದ ಆ ಚಿಕ್ಕ ಗ್ಯಾಲರಿಯಲ್ಲಿ, ಹೆಂಡತಿ ತ್ರಿಶಲಾಳ ಮಣ್ಣಿನ ಕಲಾಕೃತಿಗಳ ಮೊಟ್ಟಮೊದಲ ಪ್ರದರ್ಶನದಲ್ಲಿ, ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದ ಬೋಗುಣಿಯನ್ನೂ ಅವನು ಹಾಗೇ ಬಾರಿಸಿದ.

“ಡಬ್ ಅಂತೈತಿ! ಸೀಳೈತ್ರಿ ಇದು, ತಗೋಬ್ಯಾಡ್ರಿ!”

(ಸೀಳಿರಲಿಲ್ಲ, ದಪ್ಪಗಿತ್ತು ಅಷ್ಟೇ. ಆದರೆ ಧನಪಾಲನಂಥ ಕಿರಾಣಿ ಅಂಗಡಿಯವನ ಪ್ರಾಮಾಣಿಕತೆ ಒಮ್ಮೊಮ್ಮೆ ಹೀಗೆ ಅಕಾಲದಲ್ಲಿ ಉಕ್ಕುತ್ತದೆ.)

ತ್ರಿಶಲಾ ಅವನ ರಟ್ಟೆ ಹಿಡಿದು ಗೋಡೆಗೆ ಆನಿಸಿ ನಿಲ್ಲಿಸಿದಳು.

“ಕೊಲ್ಲಾಪುರದಿಂದ ಶೀತಲ್ ಮೇಡಮ್ ಬರಾಕತ್ತಾರು. ಅವರ ಮನಸ್ಸಿಗೆ ಬಂದ್ರ ನನ್ನ ಬೋಗುಣಿ ಅಲ್ಲಿಯ ದೊಡ್ಡ ಪ್ರದರ್ಶನಕ್ಕ ಹೋಗತಾವು. ನಿಮ್ಮ ಕೈ ಮುಗೀತೇನಿ, ಇಲ್ಲೇ ನಿಂದರ್ರಿ. ಏನೂ ಮುಟ್ಟಬ್ಯಾಡ್ರಿ, ಬಾಯಿ ತೆರೀಬ್ಯಾಡ್ರಿ.”

“ಉಸಿರಾಡ್ಲೆನ?”

“ಮೂಗಿನಿಂದ!”

ಅವಳು ಅತಿಥಿಯನ್ನು ಕರೆತರಲು ಕೆಳಗಿಳಿದಳು. ಧನಪಾಲ ನಿಂತ. ಎದುರಿಗೆ ಐದು ಬೋಗುಣಿಗಳು ಹಸಿದ ಹಕ್ಕಿಮರಿಗಳಂತೆ ಬಾಯಿ ತೆರೆದು ಕೂತಿದ್ದವು. ಎಲ್ಲಾ ಖಾಲಿ! ದೂರದಿಂದ ಬರುವವರ ಮುಂದೆ ಖಾಲಿ ಪಾತ್ರೆಗಳ ದಿಬ್ಬಣವೇ? ನೆರೆಮನೆಯ ಬಟ್ಟಲು ಹಿಂದಿರುಗಿಸುವಾಗಲೂ ಅವನ ತಾಯಿ ಕಮಲವ್ವ ಒಂದು ಹಿಡಿ ಏನಾದರೂ ಹಾಕದೆ ಕಳಿಸಿದವಳಲ್ಲ. ಸೊಸೆಯ ಶುಭಕಾರ್ಯಕ್ಕೆಂದು ಆಕೆ ಕಡಲೆ ಹುರಿದು ಕೊಟ್ಟಿದ್ದ ಪುಠಾಣಿ-ಬೆಲ್ಲದ ಚೀಲ ಅವನ ಕೈಯಲ್ಲೇ ಇತ್ತು. ಮುಟ್ಟಬಾರದೆಂದು ಆಜ್ಞೆಯಾಗಿತ್ತು. ಮುಟ್ಟಲಿಲ್ಲ, ಐದಕ್ಕೂ ಮೇಲಿನಿಂದ ಸುರುವಿದ.

ಶೀತಲ್ ಮೇಡಮ್ಮರೊಂದಿಗೆ ಒಳಬಂದ ತ್ರಿಶಲಾ ಬಾಗಿಲಲ್ಲೇ ನಿಂತುಬಿಟ್ಟಳು. ಬೋಗುಣಿಗಳ ಒಳಮೈಗೆ ಆ ನೀಲಿ ಹೊಳಪು ಬರಿಸಲು ವರ್ಷವಿಡೀ ಮಡಕೆ ಸುಡುವ ಭಟ್ಟಿಯ ಮುಂದೆ ಬೆಂದವಳು ಅವಳು. ಆ ನೀಲಿ ಈಗ ಪುಠಾಣಿಯ ಅಡಿಯಲ್ಲಿ ಅಂತರ್ಧಾನವಾಗಿತ್ತು.

“ರೀ... ಏನ್ರಿ ಇದು?”

“ನಾ ಮುಟ್ಟಿಲ್ಲ,” ಎಂದ ಧನಪಾಲ, ಆದಷ್ಟು ಮೂಗಿನಿಂದಲೇ.

“ಅದರೊಳಗ ನೋಡುವಂಥಾದ್ದು ಇತ್ರಿ!”

“ಈಗ ತಿನ್ನುವಂಥಾದ್ದೂ ಐತೆಲ್ಲ!”

“ಫೋಟೋದಾಗ ನೋಡಿದ್ನೆಲ್ಲ, ಆ ನೀಲಿ ಎಲ್ಲೈತ್ರಿ?” ಮೇಡಮ್ ಕೇಳಿದರು. ತ್ರಿಶಲಾ ಪುಠಾಣಿಯತ್ತ ಬೆರಳು ತೋರಿದಳು. ಮೇಡಮ್ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡರು. ನೀಲಿ ಕಾಣಲಿಲ್ಲ. ಇನ್ನೊಂದು ಹಿಡಿ. ಸುತ್ತ ನಿಂತವರೂ ಕಲಾಸೇವೆಗೆ ಕೈ ಹಚ್ಚಿದರು. ಬಹಳ ಹೊತ್ತಿನ ಸಾಮೂಹಿಕ ಕುರುಕುರು ಸದ್ದಿನ ನಂತರ ತಳದಲ್ಲಿ ನೀಲಿ ಇಣುಕಿತು. ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು.

“ಐದೂ ಕೊಲ್ಲಾಪುರಕ್ಕ ಒಯ್ಯತೇನಿ,” ಎಂದರು ಮೇಡಮ್. “ಆದ್ರ ಖಾಲಿ ಮಾಡಿ ಕೊಡ್ರಿ.”

ಧನಪಾಲನ ಎದೆ ಲಾರಿಯ ಟ್ಯೂಬಿನಂತೆ ಉಬ್ಬಿತು. ಎಲ್ಲಾ ತನ್ನ ಪುಠಾಣಿಯ ಮಹಿಮೆ! ಬೆಲ್ಲ ಮೆತ್ತಿದ ಕೈಯನ್ನು ಸೊಂಟಕ್ಕಿಟ್ಟು, ಪರಿಚಯಿಸಲಿ ಎಂದು ಗೋಡೆಯ ಬಳಿ ಠೀವಿಯಿಂದ ನಿಂತ.

ಮೇಡಮ್ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿ ನಗುತ್ತ ಕೇಳಿದರು: “ಇದೂ ನೀವ ಮಾಡಿದ್ದೇನ್ರಿ?”

ತ್ರಿಶಲಾ ನಗಲಿಲ್ಲ.

“ಇಲ್ರಿ. ಅದು ನಮ್ಮತ್ತಿಯವರು ಮಾಡಿದ್ದು. ಇನ್ನಾ ಹಸೀನ ಐತಿ. ಮನಿಗೆ ಹೋದಮ್ಯಾಲೆ ನಾ ಭಟ್ಟಿಗೆ ಹಾಕತೇನಿ.”