ಅಟ್ಟ ಹತ್ತಿದ ಕಳ್ಳಿ

ತೆಂಗಿನ ಸೀಮೆಯಲ್ಲಿ ಹುಟ್ಟಿ, ತೆಂಗಿನ ತೋಟದ ಮನೆಗೇ ಸೊಸೆಯಾಗಿ ಹೋಗಿ, ಕೊನೆಗೆ ಒಂದು ಕಳ್ಳಿಗಿಡಕ್ಕೆ ಮರುಳಾದ ಹೆಂಗಸು ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಸೋದರತ್ತೆ ಒಬ್ಬಳೇ! ನಮ್ಮ ಕಡೆ ಗಿಡ ಅಂದಮೇಲೆ ಏನಾದರೂ ಕೊಡಬೇಕು. ತೆಂಗು ಕಾಯಿ ಕೊಡುತ್ತದೆ, ಗರಿ ಕೊಡುತ್ತದೆ, ಮಟ್ಟೆ ಕೊಡುತ್ತದೆ, ಸತ್ತರೂ ತೊಲೆಯಾಗುತ್ತದೆ. ಏನೂ ಕೊಡದ್ದಕ್ಕೆ ಒಂದೇ ಹೆಸರು, ಗೊಡ್ಡು. ಆ ಹೆಸರು ಬಿದ್ದ ಮರದ ಬುಡಕ್ಕೆ ಕೊಡಲಿ ಬೀಳಲು ಹೆಚ್ಚು ದಿನ ಬೇಕಿಲ್ಲ. ಅಂಥ ಊರಿನಲ್ಲಿ ಅತ್ತೆ ಸಾಕಿದ್ದು ಎಲೆಯಿಲ್ಲದ, ಕೊಂಬೆಯಿಲ್ಲದ, ಮೈಯೆಲ್ಲ ಮುಳ್ಳೇ ಆದ ಪೀಪಾಯಿ ಕಳ್ಳಿಯನ್ನು.

ಅದು ಸಿಕ್ಕಿದ್ದು ಅಮ್ಮಸಂದ್ರದಲ್ಲಿ. ಪರಿಚಯದವರೊಬ್ಬರು ಮನೆ ಖಾಲಿ ಮಾಡುವಾಗ ಕುಂಡವನ್ನು ಗೇಟಿನಾಚೆ ಬಿಟ್ಟು ಹೊರಟಿದ್ದರಂತೆ. ಅತ್ತೆ ಅದನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ತುರುವೇಕೆರೆ ಬಸ್ಸು ಹತ್ತಿದಳು. ಕಂಡಕ್ಟರು ಕೇಳಿದ, "ಏನಮ್ಮಾ ಅದು, ಲಗೇಜಾ?"

"ಮಗು ಕಣಪ್ಪ. ಮಲಗೈತೆ, ಮುಟ್ಟಬ್ಯಾಡ."

ಹೇಳಿದ ಮಾತು ಕೇಳುವವರು ಯಾರಿದ್ದಾರೆ? ಕಂಡಕ್ಟರು ಟವೆಲ್ಲಿನ ಮೇಲೆ ಕೈಯಿಟ್ಟ. ಆಮೇಲೆ ಅವನು ಲಗೇಜಿನ ಮಾತೆತ್ತಲಿಲ್ಲ, ಅತ್ತೆಯ ಪಕ್ಕದ ಸೀಟಿಗೂ ಯಾರೂ ಬರಲಿಲ್ಲ. ನಿಲ್ಲಲು ಜಾಗವಿಲ್ಲದ ಬಸ್ಸಿನಲ್ಲಿ ಕಾಲು ಚಾಚಿಕೊಂಡು ಬಂದೆ ಎಂದು ಅವಳು ಇವತ್ತಿಗೂ ಹೇಳಿಕೊಳ್ಳುತ್ತಾಳೆ.

ಮನೆಯಲ್ಲಿ ಮಾವ ಕಾದಿದ್ದ. ಅತ್ತೆ ಕುಂಡ ಇಳಿಸಿದ ಅಂಗಳದ ಮೂಲೆಯ ಮೇಲೆ ಅವನಿಗೆ ಮೊದಲೇ ಕಣ್ಣಿತ್ತು. ಅಲ್ಲಿಗೂ ಸಿಮೆಂಟು ಹಾಕಿಸಿ, ಕೊಬ್ಬರಿ ಹರಡುವ ಜಾಗ ದೊಡ್ಡದು ಮಾಡುವ ಆಸೆ. ಗಿಡವನ್ನು ಸುತ್ತು ಹಾಕಿ ನೋಡಿದವನೇ ತೀರ್ಪು ಕೊಟ್ಟ. "ಕೊಬ್ರಿಗೆ ಅಂತ ಅಟ್ಟಕ್ಕಾಕಿರೋ ಕಾಯಿ ಇಳ್ಸೋ ವರ್ಗೂ ನೋಡ್ತೀನಿ ಕಣೇ. ಅಷ್ಟ್ರಲ್ಲಿ ಹೂವೋ ಕಾಯೋ ಬುಟ್ರೆ ಸರಿ, ಇಲ್ಲಾಂದ್ರೆ ತಿಪ್ಪೆಗೆ."

"ನೋಡಿ ನೋಡಿ. ಅದೂ ನಿಮ್ಮನ್ನ ನೋಡ್ತೈತೆ," ಅಂದಳು ಅತ್ತೆ.

ಅಂದಿನಿಂದ ಮಾವ ಅದನ್ನು ಮುಳ್ಳುಗುಂಡು ಅಂದ, ಶನಿ ಅಂದ, ನಿನ್ನ ತವರಿನವರ ಹಾಗೇ ಐತೆ ಅಂದ. ತವರಿನವನಾದ ನಾನು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದೆ! ಇಷ್ಟು ಬೈದವನ ಬಾಯಲ್ಲಿ ನಮ್ಮ ಸೀಮೆಯ ಆ ಒಂದು ಹೆಸರು ಮಾತ್ರ ಬರಲಿಲ್ಲ. ಅದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ನಾನು ತಿಪಟೂರಿನಲ್ಲಿ ವಿಜ್ಞಾನದ ಮೇಷ್ಟ್ರು. ಪಂಚಾಯಿತಿಗೆ ನನ್ನನ್ನೇ ಕರೆದರು. ಮರುಭೂಮಿಯ ಗಿಡ ಇದು, ಎಲೆಗಳೇ ಮುಳ್ಳಾಗಿವೆ, ಎಲೆ ಮಾಡುವ ಅಡುಗೆಯನ್ನು ಹಸಿರು ಕಾಂಡವೇ ಮಾಡುತ್ತದೆ ಎಂದು ವಿವರಿಸಿದೆ. ಮೈಮೇಲಿನ ಏಣುಗಳು ಸೀರೆಯ ನೆರಿಗೆಯಿದ್ದಂತೆ, ನೀರು ಸಿಕ್ಕರೆ ಬಿಚ್ಚುತ್ತವೆ, ಸಿಗದಿದ್ದರೆ ಮಡಚುತ್ತವೆ. ಹೂವು ಬಿಟ್ಟರೆ ನೆತ್ತಿಯ ಮೇಲೆ ಸಿಂಬಿಯಂತೆ ಸುತ್ತ ಬಿಡುತ್ತದೆ, ಆದರೆ ಗಿಡಕ್ಕೆ ಸಾಕಷ್ಟು ವಯಸ್ಸಾಗಿರಬೇಕು. ಹೀಗೆ ಪಾಠ ಮಾಡಿದೆ. ಅದರಲ್ಲಿ ಅತ್ತೆಯ ಕಿವಿಗೆ ಬಿದ್ದದ್ದು ನೀರು ಸಿಕ್ಕರೆ ಉಬ್ಬುತ್ತದೆ ಎನ್ನುವುದೊಂದೇ.

ತೆಂಗಿನ ಮನೆಯವರಿಗೆ ಆರೈಕೆ ಹೇಳಿಕೊಡಬೇಕೆ? ಕುಂಡದ ಮರಳು ತೆಗೆದು ಕೆರೆಯ ಗೋಡುಮಣ್ಣು ತುಂಬಿದಳು. ಬುಡಕ್ಕೆ ಒಂದು ಹಿಡಿ ಉಪ್ಪು. ಬೆಳಿಗ್ಗೆ ಸಂಜೆ ನೀರು, ನಡುವೆ ಬಾಯಾರೀತೆಂದು ಮಜ್ಜಿಗೆ. ಕಳ್ಳಿ ಉಬ್ಬಿತು. ನೆರಿಗೆಗಳೆಲ್ಲ ಬಿಚ್ಚಿ ಗುಂಡಗಾಯಿತು.

"ನೋಡ್ಲಾ, ಬಂದಾಗ ಹೆಂಗಿತ್ತು, ಈಗ ಹೆಂಗೈತೆ. ಬಾಣಂತಿ ಆರೈಕೆ ಕಣ್ಲಾ," ಎಂದು ನನಗೆ ತೋರಿಸಿದಳು.

ನಾನು ಮುಂದಿನ ಸಲ ಹೋದಾಗ ಬಾಣಂತಿಯ ಬುಡ ಮೆತ್ತಗಾಗಿ ವಾಸನೆ ಹೊಡೆಯುತ್ತಿತ್ತು. ನೀರು ಹೆಚ್ಚಾಗಿ ಕೊಳೆತಿದೆ ಅತ್ತೆ, ಕೊಳೆತದ್ದನ್ನು ಕೊಯ್ದು ತೆಗೆದು ಒಣಗಿಸಬೇಕು, ಆಮೇಲೂ ಉಳಿದರೆ ಅದೃಷ್ಟ ಅಂದೆ. ಸಣ್ಣಗಾಗಿದ್ದ ಅತ್ತೆಯ ಮುಖ ಅರಳಿತು.

"ಒಣಗ್ಸೋದಾ? ಅಷ್ಟೇನಾ? ಅದ್ನ ನಮ್ಗೆ ಹೇಳ್ಕೊಡ್ಬೇಕೇನ್ಲಾ?"

ಕುಡುಗೋಲಿನಿಂದ ಬುಡ ಕೊಯ್ದಳು, ಒಲೆಯ ಬೂದಿ ಮೆತ್ತಿದಳು, ಏಣಿ ಹತ್ತಿ ಅಟ್ಟದ ಮೇಲೆ ಕಾಯಿಗಳ ನಡುವೆ ಇಟ್ಟು ಬಂದಳು. ನಮ್ಮ ಕಡೆ ಕಾಯಿ ಕೊಬ್ಬರಿಯಾಗುವುದೇ ಹಾಗೆ. ಸಿಪ್ಪೆಯ ಸಮೇತ ತಿಂಗಳುಗಟ್ಟಲೆ ಅಟ್ಟದಲ್ಲಿ ಮಲಗಬೇಕು, ಒಳಗಿನ ನೀರು ಇಂಗಬೇಕು, ಅಲ್ಲಾಡಿಸಿದರೆ ಒಳಗೆ ಒಣಗಿದ ತಿರುಳಿನ ಗಿಟುಕು ಲೊಟಲೊಟ ಎನ್ನಬೇಕು. ಕಳ್ಳಿಗೂ ಅದೇ ಕಾನೂನು! ಆಗಾಗ ಅತ್ತೆ ಏಣಿ ಹತ್ತುವಳು, ಗೋಣಿತಾಟಿನಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುವಳು.

"ಏನು ಕೇಳಿಸ್ತು ಅತ್ತೆ?"

"ಏನೂ ಇಲ್ಲ ಕಣಪ್ಪ. ಇನ್ನೂ ಜೀವ ಐತೆ."

ಕೊನೆಗೆ ಅಟ್ಟದ ಕಾಯಿ ಇಳಿಸುವ ದಿನ ಬಂತು. ಮಾವನ ಗಡುವಿನ ದಿನವೂ ಅದೇ, ಮೂಲೆಯಲ್ಲಿ ಸಿಮೆಂಟಿನ ಮೂಟೆ ಬಂದು ಕೂತಿತ್ತು. ಕಾಯಿ ಸುಲಿಯುವವನು ಮೇಲೆ ಹತ್ತಿ, ಕತ್ತಲಲ್ಲಿ ತಡಕಿ ತಡಕಿ ಕಾಯಿ ಎಸೆಯುತ್ತಿದ್ದ. ಇದ್ದಕ್ಕಿದ್ದಂತೆ ಕಿರುಚಿದ, "ಯಮ್ಮೋ, ಅಟ್ಟದಾಗೆ ಮುಳ್ಳಂದಿ ಐತೆ!"

ಮಾವ ದೊಣ್ಣೆ ಹಿಡಿದು ಓಡಿ ಬಂದ. ಅತ್ತೆ ಸಾವಕಾಶವಾಗಿ ಏಣಿ ಹತ್ತಿ, ಮುಳ್ಳಂದಿಯನ್ನು ಗೋಣಿತಾಟಿನಲ್ಲಿ ಇಳಿಸಿಕೊಂಡು ಬಂದಳು. ನೆರಿಗೆಗಳೆಲ್ಲ ಮಡಚಿ ಅರ್ಧಕ್ಕರ್ಧ ಇಳಿದುಹೋಗಿತ್ತು. ಬುಡ ತಿರುಗಿಸಿ ನೋಡಿದರೆ, ಕೊಯ್ದ ಜಾಗ ಒಣಗಿ ಗಟ್ಟಿಯಾಗಿ, ಅಂಚಿನಲ್ಲಿ ಸಣ್ಣ ಸಣ್ಣ ಬೇರು! ಮಣ್ಣಿಲ್ಲದೆ, ನೀರಿಲ್ಲದೆ ಅದು ಬದುಕಿತ್ತು. ಅತ್ತೆ ನನಗೆ ತೋರಿಸಿದಳು, ಮಾವನಿಗೆ ತೋರಿಸಿದಳು. ಸುಲಿಯುವವನು ಮಾತ್ರ ಅಂಗೈಯ ಮುಳ್ಳು ಕೀಳುತ್ತಾ ಸಿಡುಕಿದ.

"ಹೂವಿಲ್ಲ, ಕಾಯಿಲ್ಲ. ಇಂಥ ಗೊಡ್ಡು ಗಿಡಾನ ಯಾಕಮ್ಮ ಸಾಕ್ತೀರಿ? ತಿಪ್ಪೆಗಾಕಿ ಅತ್ಲಾಗೆ."

ಅತ್ತೆ ಗಿಡವನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಮುಳ್ಳು ಚುಚ್ಚಿರಬೇಕು, ಅವಳಿಗೆ ಗೊತ್ತಾದಂತೆ ಕಾಣಲಿಲ್ಲ.

ನಮ್ಮ ಅತ್ತೆಗೆ ಮಕ್ಕಳಿಲ್ಲ. ಇಷ್ಟು ಹೊತ್ತು ನಾನು ಅದನ್ನು ಹೇಳಲಿಲ್ಲ, ಏಕೆಂದರೆ ಆ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಮಾವ ದೊಣ್ಣೆಯನ್ನು ಗೋಡೆಗೆ ಒರಗಿಸಿದ. ಬಯ್ಯಲಿಲ್ಲ, ದನಿಯೂ ಏರಿಸಲಿಲ್ಲ. "ಆ ಮಾತು ಈ ಮನೇಲಿ ಆಡಬ್ಯಾಡ ಕಣಪ್ಪ. ನಮ್ಮವ್ವ ಇದ್ದಾಗ ದಿನಾ ಆಡೋಳು. ನಾನು ಕೇಳುಸ್ಕೊಂಡು ಸುಮ್ಕಿದ್ದೆ. ಸುಮ್ಕಿದ್ದಿದ್ದು ಸಾಕು." ಆಮೇಲೆ ಅತ್ತೆಯ ಕಡೆ ತಿರುಗಿದ. "ಅದೇನು ಏನಾರ ಕೊಡ್ಲಿ ಅಂತ ಇಟ್ಕೊಂಡಿರೋದಾ? ಇರ್ಲಿ ಅಂತ ಇಟ್ಕೊಂಡಿರೋದು. ಮೂಲೇಲೇ ಇಡು."

ಈಗ ಆ ಅಂಗಳಕ್ಕೆಲ್ಲ ಸಿಮೆಂಟಿದೆ, ಮೂಲೆಯಲ್ಲಿ ಒಂದು ಪಾತಿಯಷ್ಟು ಜಾಗ ಬಿಟ್ಟು. ಪಾತಿಯೊಳಗೆ ಬರೀ ಮರಳು, ಮರಳಿನಲ್ಲಿ ಕಳ್ಳಿ. ನೆರಿಗೆ ಮತ್ತೆ ಬಿಚ್ಚಿಕೊಂಡಿದೆ, ಮೈ ಸ್ವಲ್ಪ ದಕ್ಷಿಣಕ್ಕೆ ವಾಲಿದೆ. ಪೀಪಾಯಿ ಕಳ್ಳಿಗಳು ಬಿಸಿಲಿಗೆ ಹಾಗೆ ವಾಲುತ್ತವೆ ಎಂದು ನಾನು ಹೇಳಿದೆ. ತೋಟದಿಂದ ಮಾವ ಬರುವ ದಾರಿ ಇರುವುದೂ ದಕ್ಷಿಣಕ್ಕೇ. ನನ್ನ ಮಾತನ್ನು ಗಂಡ ಹೆಂಡತಿ ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೂವು ಇನ್ನೂ ಬಿಟ್ಟಿಲ್ಲ. ಅದನ್ನು ಯಾರೂ ಕೇಳುವುದೂ ಇಲ್ಲ. ಸಂಜೆ ತೋಟದಿಂದ ಬರುವ ಮಾವ ಚಪ್ಪಲಿ ಬಿಡುವ ಮೊದಲೇ ಅಂಗಳದಿಂದ ಕೂಗುತ್ತಾನೆ, "ಏನ್ಮಾಡ್ತೈತೆ ಕಣೇ ಮಗು?"

ಒಳಗಿನಿಂದ ಅತ್ತೆಯ ದನಿ ಬರುತ್ತದೆ, "ಮಲಗೈತೆ. ಮುಟ್ಟಬ್ಯಾಡಿ."