ನಾಲ್ಕಾಣೆಗೆ ತಿರುಗದ ಸ್ಕ್ರೂ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಆದರೆ ಅವರ ಮನೆಯ ಸ್ಕ್ರೂಗಳ ತಲೆಯನ್ನು ಜನ್ಮದಲ್ಲಿ ಮರೆಯುತ್ತಿರಲಿಲ್ಲ! ನಂಬಲ್ಲ ಅಲ್ವಾ? ಬಸ್‌ಸ್ಟಾಪಿನಲ್ಲಿ ಯಾರಾದರೂ ನಮಸ್ಕಾರ ಅಂದರೆ ಪೆಚ್ಚಾಗಿ ನಗುತ್ತಿದ್ದರು. ಮಾತಾಡಿಸಿದವರು ಹೋದ ಮೇಲೆ ಅವರು ಯಾರೆಂದು ನಾನು ಹೇಳಬೇಕು. "ಓ, ಬಚ್ಚಲುಮನೆ ಚಿಲಕಕ್ಕೆ ತುಕ್ಕು ಹಿಡಿದ ಸ್ಕ್ರೂ ಹಾಕಿದಾರಲ್ಲ, ಅವರಾ!" ಅಂತ ಆಗ ಮುಖ ಅರಳುತ್ತಿತ್ತು.

ನಮ್ಮಕ್ಕನ ಮದುವೆ ಮಾತುಕತೆಗೆ ಪದ್ಮನಾಭನಗರದ ಗಂಡಿನ ಮನೆಗೆ ಹೋಗಿದ್ದೆವು. ನಾವೆಲ್ಲ ಹುಡುಗನನ್ನು ನೋಡುತ್ತಿದ್ದರೆ ಇವರು ಬಗ್ಗಿ ಕುರ್ಚಿಯ ಅಡಿ ನೋಡುತ್ತಿದ್ದರು. ಮನೆಗೆ ಬಂದ ಮೇಲೆ ಅಪ್ಪ, "ಹುಡುಗ ಹೇಗೋ?" ಅಂತ ಕೇಳಿದರು.

"ಹುಡುಗನ್ನ ನೋಡಲಿಲ್ಲ ಅಣ್ಣ. ಕುರ್ಚಿ ಸ್ಕ್ರೂಗಳನ್ನ ತಿರುಗಿಸಿಲ್ಲ, ಸುತ್ತಿಗೇಲಿ ಹೊಡೆದು ಕೂರಿಸಿದಾರೆ. ಆತುರದ ಜನ."

ಅಪ್ಪ ಹಣೆ ಚಚ್ಚಿಕೊಂಡರು. ಮದುವೆ ಆಯಿತು. ಧಾರೆ ಮುಗಿಯುವ ಮೊದಲೇ ಬೀಗರು ಎಲೆ ಮುಂದೆ ಕೂತಿದ್ದರು!

ಜಯನಗರದ ನಮ್ಮ ಮನೆಗೆ ಬಂದರೆ ಚಿಕ್ಕಪ್ಪನ ಉಪನ್ಯಾಸ ಶುರು. "ತಲೆ ಮೇಲೆ ಒಂದೇ ಗೀರಿರೋ ಸ್ಕ್ರೂ ಇದೆಯಲ್ಲ, ಪಾಪದ್ದು ಕಣೆ. ಚಾಕು ಹಿಡಿ, ನಾಲ್ಕಾಣೆ ಬಿಲ್ಲೆ ಹಿಡಿ, ತಿರುಗುತ್ತೆ."

"ಜಾರಿ ಅಂಗೈಗೆ ಚುಚ್ಚೋದೂ ಅದೇ ಅಲ್ವಾ ಚಿಕ್ಕಪ್ಪ?"

"ಹೂಂ. ಅದಕ್ಕೆ ಸಲಿಗೆ ಸ್ವಲ್ಪ ಜಾಸ್ತಿ."

ಆಗ ಹೊಸದಾಗಿ ಬರುತ್ತಿದ್ದ ಪ್ಲಸ್ ಸ್ಕ್ರೂ ಕಂಡರೆ ಮಾತ್ರ ಅವರಿಗಾಗದು. "ಜಾರಲ್ಲ, ಒಪ್ಕೋತೀನಿ. ಆದ್ರೆ ಅದರದೇ ಸ್ಕ್ರೂಡ್ರೈವರ್ ಇಲ್ಲದೆ ಹೋದ್ರೆ ಹತ್ರ ಸೇರಿಸಲ್ಲ. ತಲೆ ಒಂದ್ಸಲ ಸವೆದರೆ ಯಾರ ಮಾತೂ ಕೇಳಲ್ಲ. ದುರಹಂಕಾರ!"

ಸ್ಕ್ರೂ ಬಿಗಿ ಮಾಡಿದ ಮೇಲೆ ಅದರ ಗೀರು ನೆಟ್ಟಗೆ, ಮೇಲಿಂದ ಕೆಳಕ್ಕೆ ನಿಲ್ಲಲೇಬೇಕು. ಒಂದು ಕೂದಲಷ್ಟು ವಾಲಿದರೂ ಕಣ್ಣು ಕಿರಿದು ಮಾಡಿ ಸರಿಪಡಿಸುತ್ತಿದ್ದರು. "ಆಮೇಲೆ ಯಾರಾದ್ರೂ ಮುಟ್ಟಿದ್ರೆ ಗೊತ್ತಾಗ್ಬೇಕು" ಅನ್ನುತ್ತಿದ್ದರು. ಸ್ಕ್ರೂ ಕದಿಯೋಕೆ ಯಾವ ಕಳ್ಳ ಬರ್ತಾನೆ ಹೇಳಿ!

ಚಿಕ್ಕಮ್ಮ ತೀರಿಕೊಂಡ ಮೇಲೆ ಬನಶಂಕರಿಯ ಒಂದು ಔಟ್‌ಹೌಸಿನಲ್ಲಿ ಅವರೊಬ್ಬರೇ. ಮಕ್ಕಳಿಲ್ಲ. ಒಂದು ಸಂಜೆ ಊಟದ ಕ್ಯಾರಿಯರ್ ಹಿಡಿದು ಹೋದರೆ ಬಾಗಿಲಿಗೆ ಬೀಗ, ಒಳಗೆ ರೇಡಿಯೋ ಮಾತಾಡುತ್ತಿದೆ! ಅಷ್ಟರಲ್ಲಿ ಚಿಕ್ಕಪ್ಪ ಕಾರ್ಖಾನೆ ಕೆಲಸ ಮುಗಿಸಿ ಬಂದರು.

"ರೇಡಿಯೋ ಆರಿಸೋದು ಮರೆತ್ರಾ ಚಿಕ್ಕಪ್ಪ?"

"ಇಲ್ಲ ಕಣೆ. ಬೀಗ ತೆಗೆದಾಗ ಒಳಗೆ ಯಾರಾದ್ರೂ ಮಾತಾಡ್ತಿದ್ರೆ ಚೆನ್ನಾಗಿರುತ್ತೆ."

ಕ್ಯಾರಿಯರ್ ಇಟ್ಟು ಬಂದುಬಿಟ್ಟೆ.

ಹಾಗಂತ ಊಟಕ್ಕೆ ಕರೆದರೆ ಬರುವ ಆಸಾಮಿಯೇ ಅಲ್ಲ. "ಸುಮ್ಸುಮ್ನೆ ಬಂದು ಎಲೆ ಮುಂದೆ ಕೂರೋದಾ ಅತ್ತಿಗೆ? ಛೆ!" ಏನಾದರೂ ರಿಪೇರಿ ಇದ್ದರೆ ಮಾತ್ರ ಓಡಿ ಬರುತ್ತಿದ್ದರು. ಅದೇನು ಪುಣ್ಯವೋ, ನಮ್ಮ ಮನೆಯಲ್ಲಿ ಭಾನುವಾರ ಬಂತೆಂದರೆ ಏನಾದರೊಂದು ಸಡಿಲವಾಗಿರುತ್ತಿತ್ತು. ಒಂದು ವಾರ ಕಿಟಕಿ ಕೊಂಡಿ, ಇನ್ನೊಂದು ವಾರ ಅಡುಗೆಮನೆ ಶೆಲ್ಫು. ಅಪ್ಪ ಮನೆ ಕಟ್ಟಿದ ಮೇಸ್ತ್ರಿಗೆ ಹಿಡಿಶಾಪ ಹಾಕುತ್ತಿದ್ದರು.

ಒಂದು ಶನಿವಾರ ಅಡುಗೆಮನೆಗೆ ನುಗ್ಗಿದರೆ ಅಮ್ಮ ಸ್ಟೂಲು ಹತ್ತಿ, ನಾಲ್ಕಾಣೆ ಬಿಲ್ಲೆ ಹಿಡಿದು ಶೆಲ್ಫಿನ ಸ್ಕ್ರೂ ಬಿಚ್ಚುತ್ತಿದ್ದಾಳೆ! ಬಲ್ಬು ಬದಲಾಯಿಸಲೂ ಹೆದರುವ ನಮ್ಮಮ್ಮ!

"ಬಾಯಿ ಮುಚ್ಕೊಂಡು ಸ್ಟೂಲು ಹಿಡ್ಕೊ. ನಾಳೆ ಹುರುಳಿಕಾಯಿ ಹುಳಿ. ನಿಮ್ಮ ಚಿಕ್ಕಪ್ಪಂಗಿಷ್ಟ" ಅಂದಳು.

ಆ ವರ್ಷ ಹಬ್ಬಕ್ಕೆ ಮೊದಲು ಅಪ್ಪನಿಗೆ ಪೌರುಷ ಬಂತು. ಬಡಗಿಯನ್ನು ಕರೆಸಿ ಮನೆಯ ಅಷ್ಟೂ ಸ್ಕ್ರೂ ಕೀಳಿಸಿ, ಪ್ಲಸ್ ಸ್ಕ್ರೂ ಹಾಕಿಸಿಬಿಟ್ಟರು. "ಇನ್ನು ಅದು ಹೇಗೆ ಸಡಿಲ ಆಗುತ್ತೋ ನೋಡೇಬಿಡ್ತೀನಿ!"

ಅಮ್ಮ ನಾಲ್ಕಾಣೆ ಹಿಡಿದಳು, ಚಾಕು ಹಿಡಿದಳು, ಕತ್ತರಿ ತುದಿಯನ್ನೂ ಮುರಿದಳು. ಊಹೂಂ! ಅಪ್ಪ ಚಿಕ್ಕಪ್ಪನನ್ನು ಕಂಡಾಗ ಊಟಕ್ಕೆ ಬಾ ಅಂದರು. "ಏನಾದ್ರೂ ಕೆಟ್ಟಿದೆಯಾ ಅಣ್ಣ?" ಅಂತ ಇವರು. "ಪ್ಲಸ್ ಸ್ಕ್ರೂ ಹಾಕಿಸಿದೀನಿ, ಎಲ್ಲಾ ಗಟ್ಟಿಯಾಗಿದೆ ಕಣೋ!" ಅಂತ ಅವರು. "ಹಾಗಾದ್ರೆ ಇನ್ನೊಂದ್ಸಲ ಬರ್ತೀನಿ." ಆ ಇನ್ನೊಂದು ಸಲ ಬರಲೇ ಇಲ್ಲ. ಭಾನುವಾರಗಳು ಬಿಕೋ ಅನ್ನತೊಡಗಿದವು. ಅಮ್ಮ ಹುಳಿ ಮಾಡುವುದನ್ನೇ ಬಿಟ್ಟಳು.

ಕೊನೆಗೊಂದು ಸಂಜೆ ಚಿಕ್ಕಪ್ಪ ಗೇಟಿನ ಹತ್ತಿರ ನಿಂತಿದ್ದರು. "ಈ ಕಡೆ ಬಂದಿದ್ದೆ" ಅಂದರು. ಪಾಪ, ಸೊರಗಿಹೋಗಿದ್ದರು. ಅಪ್ಪ ಹೆಮ್ಮೆಯಿಂದ ಶೆಲ್ಫು ತೋರಿಸಿದರು. ಚಿಕ್ಕಪ್ಪ ಸ್ಕ್ರೂ ತಲೆಯನ್ನು ಹೆಬ್ಬೆರಳಿನಲ್ಲಿ ಸವರಿ, "ಒಳ್ಳೆ ಸ್ಕ್ರೂ ಅಣ್ಣ. ಜಾರಲ್ಲ" ಅಂದರು. ಬೈಯಲೇ ಇಲ್ಲ! ನನಗೆ ಅಳು ಬಂತು.

ನಿಂತೇ ಕಾಫಿ ಕುಡಿದು ಹೊರಟರು. ಅಮ್ಮನೂ ನಾನೂ ಗೇಟಿನ ತನಕ ಹೋದೆವು. ಜೇಬಿನಿಂದ ಒಂದು ಪುಟ್ಟ ಪ್ಲಸ್ ಸ್ಕ್ರೂಡ್ರೈವರ್ ತೆಗೆದು, ನೆಲ ನೋಡುತ್ತಾ ಅಮ್ಮನ ಮುಂದೆ ಹಿಡಿದರು.

"ಅತ್ತಿಗೆ, ಅದಕ್ಕೆ ನಾಲ್ಕಾಣೆ ಹಿಡಿಯಲ್ಲ. ಇದನ್ನ ಇಟ್ಕೊಳ್ಳಿ."

ಅಮ್ಮ ಬೆಪ್ಪಾದಳು. "ನಿಮಗೆ ಗೊತ್ತಿತ್ತಾ?"

"ನಾನು ನೆಟ್ಟಗೆ ನಿಲ್ಲಿಸಿದ ಗೀರು ಮುಂದಿನ ವಾರ ಅಡ್ಡ ಮಲಗಿರ್ತಿತ್ತಲ್ಲ ಅತ್ತಿಗೆ."

ಅಷ್ಟು ಹೇಳಿ ಸರಸರ ನಡೆದುಬಿಟ್ಟರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಭಾನುವಾರ ಬೆಳಿಗ್ಗೆ ಅಪ್ಪ ಶೆಲ್ಫಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಅಲ್ಲಾ ಕಣೆ, ಹೊಸ ಸ್ಕ್ರೂ! ಇದು ಹೇಗೆ ಸಡಿಲ ಆಯ್ತು?"

ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ತಲೆ ಎತ್ತದೆ ಹೇಳಿದಳು: "ನನಗೇನ್ರೀ ಗೊತ್ತು? ಹೋಗಿ ನಿಮ್ಮ ತಮ್ಮನ್ನ ಕರ್ಕೊಂಡು ಬನ್ನಿ."