ಜೋಡಿಯಾಟಕ್ಕೆ ಸಮಾನ ಹಾನಿ

ಪರಿವೀಕ್ಷಕರ ಜ್ಞಾಪಕಶಕ್ತಿಯು ಅವರು ಪರಿವೀಕ್ಷಿಸುವ ಮಗುವಿನ ಜ್ಞಾಪಕಶಕ್ತಿಗಿಂತ ಕಡಿಮೆ ಇರತಕ್ಕದ್ದಲ್ಲ ಎಂಬುದು ಶಿಶು ಜ್ಞಾಪಕಾಭಿವೃದ್ಧಿ ನಿರ್ದೇಶನಾಲಯದ ನಿಯಮ. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂಬುದು ನಿರ್ದೇಶನಾಲಯದಲ್ಲಿ ಯಾರಿಗೂ ನೆನಪಿಲ್ಲ. ನೆನಪಿಲ್ಲವೆಂದು ಬರೆದು ರುಜು ಹಾಕಲು ಆ ಇಲಾಖೆಯ ನೌಕರರಾರೂ ಮುಂದೆ ಬರುವಂತಿಲ್ಲವಾದ್ದರಿಂದ, ನಿಯಮವು ಯಾವ ತೊಂದರೆಯೂ ಇಲ್ಲದೆ ಉಳಿದುಕೊಂಡು ಬಂದಿದೆ.

ನಿರ್ದೇಶನಾಲಯದ ಕೆಲಸವೆಂದರೆ ಶಿಶುವಿಹಾರಗಳಿಗೆ ಜೋಡಿಯಾಟದ ಪೆಟ್ಟಿಗೆಗಳನ್ನು ಹಂಚುವುದು. ಆಟ ಎಲ್ಲರಿಗೂ ಗೊತ್ತಿರುವಂಥದೇ. ಮಣೆಯ ಮೇಲೆ ರಟ್ಟಿನ ಕಾರ್ಡುಗಳನ್ನು ಬೋರಲು ಹಾಕುತ್ತಾರೆ. ಸರದಿ ಬಂದವರು ಎರಡು ಕಾರ್ಡು ಮಗುಚುತ್ತಾರೆ. ಎರಡರಲ್ಲೂ ಬೆಕ್ಕೇ ಇದ್ದರೆ ಜೋಡಿ ಅವರದು, ಮತ್ತೊಮ್ಮೆ ಆಡುವ ಹಕ್ಕೂ ಅವರದೇ. ಒಂದು ಬೆಕ್ಕು ಒಂದು ಕೊಡೆ ಬಂದರೆ ಇದ್ದಲ್ಲೇ ಬೋರಲು ಹಾಕಿ, ಸರದಿಯನ್ನು ಮುಂದಿನವರಿಗೆ ಬಿಟ್ಟುಕೊಟ್ಟು, ಬೆಕ್ಕು ಎಲ್ಲಿತ್ತೆಂದು ನೆನಪಿಟ್ಟುಕೊಂಡು ಕೂರಬೇಕು. ನಾಲ್ಕು ವರ್ಷದವರಿಗೆ ಇದು ಸಲೀಸು.

ನಮ್ಮ ಪರಿವೀಕ್ಷಕರು ದೈವಭಕ್ತರು, ಸಾಧು ಸ್ವಭಾವದವರು, ದೇವರಿಗೆ ಕೈಮುಗಿಯದೆ ಮನೆಯ ಹೊಸ್ತಿಲು ದಾಟಿದವರಲ್ಲ. ಪರಿವೀಕ್ಷಣೆಯೆಂದರೆ ಮಗುವಿನ ಎದುರು ಕುಳಿತು ಈ ಆಟ ಆಡುವುದು. ಇಷ್ಟು ವರ್ಷದ ಸೇವೆಯಲ್ಲಿ ಅವರು ಒಂದು ಮಗುವಿಗೂ ಸೋತಿರಲಿಲ್ಲ. ಪರಿವೀಕ್ಷಣೆಯ ಹಿಂದಿನ ದಿನವೇ ಟೀಚರುಗಳು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, "ನಾಳೆ ಸಾಹೇಬರು ಬರ್ತಾರೆ, ಜಾಣರ ಥರ ಸೋಲ್ಬೇಕು" ಎಂದು ಹೇಳಿಕೊಡುತ್ತಿದ್ದರು. ಮಕ್ಕಳು ಜಾಣರ ಥರ ಸೋಲುತ್ತಿದ್ದರು. ಹೀಗಾಗಿ ಪರಿವೀಕ್ಷಕರಿಗೆ ತಮ್ಮ ಜ್ಞಾಪಕಶಕ್ತಿಯ ಬಗ್ಗೆ ಬಹಳ ಗೌರವವಿತ್ತು. ಮುಂದಿನ ತಿಂಗಳು ಅವರು ಹಿರಿಯ ಪರಿವೀಕ್ಷಕರಾಗುವವರಿದ್ದರು. ಆ ಸುದ್ದಿಯನ್ನು ಅವರ ಹೆಂಡತಿ ತವರಿನ ಕಡೆಯವರಿಗೆಲ್ಲ ಆಗಲೇ ತಲುಪಿಸಿ, ಅವರೆಲ್ಲರ ಹೊಟ್ಟೆಕಿಚ್ಚನ್ನು ಅರ್ಧದಷ್ಟು ಸವಿದೂ ಬಿಟ್ಟಿದ್ದಳು.

ಹೀಗಿರುವಾಗ, ಒಂದು ಶಿಶುವಿಹಾರದ ಪರಿವೀಕ್ಷಣೆಗೆ ನಿರ್ದೇಶಕರು ಖುದ್ದಾಗಿ ಬಂದರು. ಬಂದವರಿಗೆ ದೊಡ್ಡ ಕುರ್ಚಿ ಇರಲಿಲ್ಲ. ಮಕ್ಕಳ ಕುರ್ಚಿಯಲ್ಲೇ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕುಳಿತುಕೊಂಡರು. ಅಲ್ಲಿನ ಟೀಚರಮ್ಮ ಕೆಲಸಕ್ಕೆ ಹೊಸಬರು. ಸೋಲುವುದನ್ನು ಕಲಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪರಿವೀಕ್ಷಕರ ಎದುರಿಗೆ ಮಣೆಯ ಆಚೆ ಬಂದು ಕುಳಿತವಳು, ಊರೆಲ್ಲ ಚಿನಕುರುಳಿ ಎಂದು ಕರೆಯುವ ನಾಲ್ಕು ವರ್ಷದ ಹುಡುಗಿ.

ಚಿನಕುರುಳಿ ಬೆಕ್ಕು ತೆಗೆದಳು. ಕೊಡೆ ತೆಗೆದಳು. ಚಂದ್ರ, ಏಣಿ, ಆನೆ, ಗಡಿಯಾರ, ಒಂದೊಂದೇ ಎತ್ತಿ ಮಡಿಲಿಗೆ ಹಾಕಿಕೊಂಡಳು. ಪರಿವೀಕ್ಷಕರಿಗೆ ಕಣ್ತಪ್ಪಿ ಒಂದು ಬಾಳೆಹಣ್ಣಿನ ಜೋಡಿ ಸಿಕ್ಕಿತು. ಅವರ ಹಣೆ ಬೆವರಿದ್ದನ್ನು ನೋಡಿ ಹುಡುಗಿಗೆ ಪಾಪ ಅನ್ನಿಸಿತು.

"ಅಜ್ಜ, ಅವಸರ ಇಲ್ಲ. ನಿಧಾನಕ್ಕೆ ನೆನಪು ಮಾಡ್ಕೊಳ್ಳಿ. ನಾನು ಎಲ್ಲೂ ಹೋಗಲ್ಲ," ಎಂದಳು.

ಪರಿವೀಕ್ಷಕರಿಗೆ ಇನ್ನೂ ಮೊಮ್ಮಕ್ಕಳಾಗಿರಲಿಲ್ಲ. ನಿರ್ದೇಶಕರು ಚಿಕ್ಕ ಕುರ್ಚಿಯಿಂದ "ಹ್ಞೂಂ" ಎಂದರು. ನಿರ್ದೇಶಕರ ಹ್ಞೂಂಕಾರದಲ್ಲಿ ಬಗೆಗಳಿವೆಯೆಂದು ಕಚೇರಿಯಲ್ಲಿ ಎಲ್ಲರೂ ಬಲ್ಲರು. ಇದು ಒಪ್ಪಿಗೆಯದಲ್ಲ.

ಮರುದಿನ ಆದೇಶ ಬಂತು. "ಸದರಿ ಪರಿವೀಕ್ಷಕರು ಸದರಿ ಮಗುವಿನೊಂದಿಗೆ ತಿಂಗಳೊಳಗೆ ಮರುಪಂದ್ಯ ಆಡತಕ್ಕದ್ದು. ಸೋತಲ್ಲಿ ಅವರನ್ನು ಉಗ್ರಾಣದ ಮುರಿದ ಆಟಿಕೆಗಳ ವಿಭಾಗಕ್ಕೆ, ಆ ವಿಭಾಗಕ್ಕೆ ಕಿಟಕಿ ಇಲ್ಲವೆಂಬುದನ್ನು ಗಮನದಲ್ಲಿಟ್ಟುಕೊಂಡೇ, ವರ್ಗಾಯಿಸಲಾಗುವುದು."

ಪರಿವೀಕ್ಷಕರು ಒಂದು ಪೆಟ್ಟಿಗೆಯನ್ನು ಮನೆಗೆ ತಂದು ಹೆಂಡತಿಯ ಜೊತೆ ಅಭ್ಯಾಸಕ್ಕೆ ಕುಳಿತರು. ಹೆಂಡತಿ ಬಟ್ಟೆ ಮಡಚುತ್ತ ಒಂದು ಕೈಯಲ್ಲೇ ಆಡಿ ಗೆದ್ದಳು.

"ರೀ, ಬೆಕ್ಕು ಎಲ್ಲಿತ್ತು ಅಂತ ಈಗ ತಾನೇ ನೋಡಿದ್ರಲ್ಲ."

"ನೋಡಿದೆ. ಆದ್ರೆ ಬೋರಲು ಹಾಕಿದ್ಮೇಲೂ ಅದು ಅಲ್ಲೇ ಇರತ್ತೆ ಅಂತ ಏನು ಗ್ಯಾರಂಟಿ? ನಮ್ಮ ಆಫೀಸಲ್ಲಿ ಯಾವುದೂ ಇಟ್ಟ ಜಾಗದಲ್ಲಿ ಇರಲ್ಲ."

"ಹೌದು ಬಿಡಿ, ಬೆಕ್ಕಲ್ವಾ. ಅಡುಗೆಮನೆ ಕಡೆ ಹೋಗಿರತ್ತೆ."

"ತಮಾಷೆ ಮಾಡ್ಬೇಡ. ನನ್ನ ನೌಕರಿ ಪ್ರಶ್ನೆ."

"ನಾನೆಲ್ಲಿ ತಮಾಷೆ ಮಾಡ್ದೆ. ನಮ್ಮಕ್ಕ ನಾಳೆ ಫೋನ್ ಮಾಡ್ತಾಳೆ. ಹಿರಿಯ ಪರಿವೀಕ್ಷಕರು ಏನ್ಮಾಡ್ತಿದಾರೆ ಅಂತ ಕೇಳಿದ್ರೆ, ಆನೆ ಹುಡುಕ್ತಿದಾರೆ, ಸಿಗ್ತಿಲ್ಲ ಅನ್ಲಾ?"

ಪರಿವೀಕ್ಷಕರು ದೇವರ ಪಟದ ಮುಂದೆ ನಿಂತರು. ಕೆಟ್ಟದ್ದನ್ನು ಬೇಡುವವರಲ್ಲ ಅವರು. ಮಗುವಿಗೆ ಮರೆವು ಬರಲಿ ಎನ್ನಲಿಲ್ಲ. ಯಾರಿಗೂ ಕೆಡುಕಾಗದ ಹಾಗೆ ನನ್ನನ್ನು ಗೆಲ್ಲಿಸಪ್ಪ ಎಂದಷ್ಟೇ ಕೇಳಿಕೊಂಡರು. ಕೈಮುಗಿದು ಕಣ್ಣು ತೆರೆಯುವಾಗ ಅವರಿಗೊಂದು ವಿಚಾರ ಹೊಳೆಯಿತು. ಮಗು ಹೇಗೆ ಗೆದ್ದಿತೆಂದು ಮಗುವನ್ನೇ ಕೇಳಬಹುದಲ್ಲ.

ಚಿನಕುರುಳಿ ಏನನ್ನೂ ಬಚ್ಚಿಡಲಿಲ್ಲ. ಶಿಶುವಿಹಾರದ ಚಾಪೆಯ ಮೇಲೆ ಬೋರಲು ಬಿದ್ದ ಕಾರ್ಡುಗಳನ್ನು ಬೆರಳಿಟ್ಟು ತೋರಿಸಿದಳು. "ಇದ್ರ ಮೂಲೆ ಕಿವಿ ಥರ ಮಡಚಿದೆ ನೋಡಿ, ಇದು ಬೆಕ್ಕು. ಇದನ್ನ ಪಕ್ಕದ ಹುಡುಗಿ ಕಚ್ಚಿದಾಳೆ, ಇದು ಕೊಡೆ. ಇದ್ರ ಮೇಲೆ ಹಾಲು ಚೆಲ್ಲಿತ್ತು. ಚಂದ್ರ."

"ಅಂದ್ರೆ ನೀನು ಬೆನ್ನು ನೋಡಿ ಮುಖ ಹೇಳ್ತೀಯ?"

"ಹ್ಞೂಂ. ನೀವು ಹೇಳಲ್ವಾ?"

ಟೀಚರಮ್ಮ ನಡುವೆ ಬಂದರು. "ಸರ್, ಪೆಟ್ಟಿಗೆ ಹಳೇದಾದ್ಮೇಲೆ ಎಲ್ಲಾ ಮಕ್ಕಳೂ ಹೀಗೇ ಆಡ್ತಾರೆ. ಅದೂ ಒಂಥರ ನೆನಪೇ ಅಲ್ವಾ?"

"ನೆನಪೇ ಇರಬಹುದು ಟೀಚರ್. ಆದರೆ ಮಂಜೂರಾದ ನೆನಪಲ್ಲ," ಎಂದು ಪರಿವೀಕ್ಷಕರು ಮೃದುವಾಗಿಯೇ ಹೇಳಿದರು.

ಅವರ ವರದಿ ಹೀಗಿತ್ತು: "ಕಾರ್ಡುಗಳ ಮುಂಭಾಗದ ಗೌಪ್ಯ ಮಾಹಿತಿಯು ಹಿಂಭಾಗದ ಮೂಲಕ ಸೋರಿಕೆಯಾಗುತ್ತಿರುವುದು ಕಂಡುಬಂದಿರುತ್ತದೆ. ಸೋರಿಕೆಯಲ್ಲಿ ಹಾಲೂ ಸೇರಿರುತ್ತದೆ." ವರದಿ ಓದಿದ ನಿರ್ದೇಶಕರು ಈ ಸಲ ಬೇರೆ ಬಗೆಯಲ್ಲಿ "ಹ್ಞೂಂ" ಎಂದರು. ಹೊಸ ಪೆಟ್ಟಿಗೆ ಕೊಳ್ಳೋಣವೆಂದರೆ ಹಳೆಯದು ಪೂರ್ತಿ ಹಾಳಾಗಿರಬೇಕು. ಇಲ್ಲಿ ಕೆಲವು ಕಾರ್ಡುಗಳು ಹಾಳಾಗಿದ್ದವು, ಕೆಲವು ಹಾಳಾಗಿರಲಿಲ್ಲ. ಹಾಳಾದವನ್ನು ಸರಿ ಮಾಡಲು ನಿಯಮದಲ್ಲಿ ಅವಕಾಶವಿರಲಿಲ್ಲ. ಸರಿಯಿದ್ದವನ್ನು ಹಾಳು ಮಾಡಬಾರದೆಂದು ಯಾವ ನಿಯಮವೂ ಹೇಳಿರಲಿಲ್ಲ. ಹೀಗೆ ಸಮಾನ ಹಾನಿ ಯೋಜನೆ ಜಾರಿಗೆ ಬಂತು.

"ಎಲ್ಲ ಕಾರ್ಡುಗಳ ಬೆನ್ನನ್ನೂ ಒಂದೇ ಪ್ರಕಾರವಾಗಿ ಹಾಳುಗೆಡವುವ ಕೆಲಸಕ್ಕೆ ಅನುಭವಸ್ಥರಿಂದ ಟೆಂಡರು ಕರೆಯಲಾಗಿದೆ," ಎಂದು ಪ್ರಕಟಣೆ ಹೊರಟಿತು. ಹಾಳುಗೆಡವುವುದರಲ್ಲಿ ಅನುಭವದ ಪ್ರಮಾಣಪತ್ರ ಇದ್ದದ್ದು ಒಬ್ಬರಿಗೇ. ಅವರು ನಿರ್ದೇಶಕರ ಷಡ್ಡಕ. ಹೆಂಡತಿಯ ತಂಗಿಯ ಗಂಡನೆಂಬ ಕಾರಣಕ್ಕೆ ಒಬ್ಬ ಯೋಗ್ಯ ಗುತ್ತಿಗೆದಾರನನ್ನು ತಿರಸ್ಕರಿಸುವುದು ತಾರತಮ್ಯವಾಗುತ್ತದೆಂದು ನಿರ್ದೇಶಕರು ಕಡತದಲ್ಲಿ ಬರೆದರು.

ಷಡ್ಡಕರು ಕೆಲಸವನ್ನು ಮೂರು ಹಂತ ಮಾಡಿದರು: ಕಿವಿ ಮಡಚುವುದು, ಕಚ್ಚುವುದು, ಚೆಲ್ಲುವುದು. ಕಿವಿ ಮಡಚಲು ಇಕ್ಕಳ ಸಾಕಾಯಿತು. ಕಚ್ಚಲು ಮಕ್ಕಳನ್ನು ಕೂಲಿಗೆ ಹಿಡಿಯುವುದು ಕಾನೂನಿಗೆ ವಿರುದ್ಧ. ಷಡ್ಡಕರು ತಮ್ಮ ಅತ್ತೆಯ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಬಾಡಿಗೆಗೆ ಪಡೆದು, ಒಂದು ಹಲಗೆಗೆ ಕೂರಿಸಿ, ಕಾರ್ಡುಗಳನ್ನು ಒಂದೊಂದಾಗಿ ಕಚ್ಚಿಸಿದರು. ಬಿಲ್ಲಿನಲ್ಲಿ ಮೇಲಿನ ದವಡೆಗೆ ಒಂದು ದರ, ಕೆಳಗಿನದಕ್ಕೆ ಒಂದು ದರ ಇತ್ತು. ಲೆಕ್ಕದವರು ಆಕ್ಷೇಪ ಎತ್ತಿದರು. ಆದರೆ ಷಡ್ಡಕರ ಅತ್ತೆಯೇ ನಿರ್ದೇಶಕರಿಗೂ ಅತ್ತೆ ಎಂಬುದನ್ನು ಯಾರೋ ನೆನಪಿಸಿದ ಮೇಲೆ ಆಕ್ಷೇಪ ಎತ್ತಿದವರೇ ಕೆಳಗಿಳಿಸಿದರು. ಅತ್ತೆಯವರು ಮಾತ್ರ ಆ ವಾರವೆಲ್ಲ ಗಂಜಿಯ ಮೇಲಿದ್ದು ಯೋಜನೆಗೆ ಸಹಕರಿಸಿದರು.

ಕೊನೆಯ ಹಂತದಲ್ಲಿ, ಒಂದೊಂದು ಬೆನ್ನಿಗೂ ಒಂದೇ ಅಳತೆಯಲ್ಲಿ ಹಾಲು ಚೆಲ್ಲುವುದು ನಿಧಾನವೆಂದು ಕಂಡಿತು. ಷಡ್ಡಕರು ಹಾಲಿನ ಬದಲು ಕಂದು ಬಣ್ಣವನ್ನು ಡ್ರಮ್ಮಿಗೆ ಸುರಿದು, ಕಾರ್ಡುಗಳನ್ನು ಬುಟ್ಟಿಯಲ್ಲಿ ಹಾಕಿ ಅದ್ದಿ ತೆಗೆದರು. ಬೆನ್ನು ಅದ್ದುವಾಗ ಮುಖವೂ ಅದ್ದಿತು. ಒಣಗಿದ ಮೇಲೆ ಬೆಕ್ಕು, ಕೊಡೆ, ಚಂದ್ರ, ಆನೆ ಎಲ್ಲವೂ ಎರಡೂ ಬದಿಗೆ ಒಂದೇ ಕಂದು.

ಪೆಟ್ಟಿಗೆ ತಲುಪಿದ ದಿನ ಟೀಚರಮ್ಮ ಫೋನು ಮಾಡಿದರು.

"ಸರ್, ಚಿತ್ರ ಇಲ್ಲ."

"ಯಾವ ಕಾರ್ಡಲ್ಲಿ?"

"ಯಾವುದ್ರಲ್ಲೂ ಇಲ್ಲ ಸರ್. ಎಲ್ಲಾ ಕಾರ್ಡೂ ಒಂದೇ ಥರ ಇದೆ."

ಪರಿವೀಕ್ಷಕರು ಶಿಶುವಿಹಾರಕ್ಕೆ ಹೋಗಿ ಕಣ್ಣಾರೆ ನೋಡಿದರು. ಎಷ್ಟೆಂದರೂ ದೇವರಿಗೆ ಹೆದರುವ ಮನುಷ್ಯ. ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ನಿರ್ದೇಶಕರ ಕೋಣೆಗೆ ಹೋದರು.

"ಸರ್, ಚಿತ್ರ ಅಳಿಸಿ ಹೋಗಿದೆ. ಆಟ ಹೇಗೆ ಆಡೋದು?"

ನಿರ್ದೇಶಕರು ಎರಡು ಕಾರ್ಡು ತೆಗೆದು ಬೆಳಕಿಗೆ ಹಿಡಿದು ನೋಡಿದರು. "ಜೋಡಿ ಅಂದ್ರೆ ಏನ್ರೀ?"

"ಎರಡೂ ಒಂದೇ ಥರ ಇರೋದು ಸರ್."

"ಇವು ಒಂದೇ ಥರ ಇದಾವೋ ಇಲ್ವೋ?"

"ಇದಾವೆ ಸರ್."

"ಮತ್ತೇನು ನಿಮ್ಮ ತಕರಾರು? ಮೊದಲು ಮಕ್ಕಳು ತಪ್ಪು ಮಾಡ್ತಿದ್ರು. ಈಗ ತಪ್ಪು ಮಾಡೋಕೇ ಆಗಲ್ಲ. ಇಲಾಖೆ ಶುರುವಾದಾಗಿಂದ ಇದನ್ನೇ ಅಲ್ವಾ ನಾವು ಬಯಸ್ತಿದ್ದದ್ದು?"

ಪರಿವೀಕ್ಷಕರು ಯೋಚಿಸಿದರು. ಯಾರಿಗೂ ಕೆಡುಕಾಗದ ಹಾಗೆ ಎಂದು ತಾವು ಬೇಡಿಕೊಂಡದ್ದು ನೆನಪಾಯಿತು. ಬಹಳ ದಿನಗಳ ಮೇಲೆ ಅವರಿಗೆ ತಾನಾಗಿಯೇ ನೆನಪಾದ ಸಂಗತಿ ಅದೊಂದೇ. ದೇವರು ಎಂಥ ಸಣ್ಣ ಮಾತನ್ನೂ ಕೇಳಿಸಿಕೊಳ್ಳುತ್ತಾನಲ್ಲ ಎಂದು ಅಲ್ಲೇ ನಿಂತು ಕೈಮುಗಿದರು.

ಮರುಪಂದ್ಯಕ್ಕೆ ಶಿಶುವಿಹಾರದ ಕಿಟಕಿಯಲ್ಲೆಲ್ಲ ತಾಯಂದಿರು ಇಣುಕುತ್ತಿದ್ದರು. ಚಿನಕುರುಳಿ ತಲೆ ಬಾಚಿಸಿಕೊಂಡು ಬಂದು ಮಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಮೊದಲ ಸರದಿ ಸೇವೆಯಲ್ಲಿ ಹಿರಿಯರಾದವರಿಗೆ ಸಲ್ಲತಕ್ಕದ್ದೆಂದು ಹಿಂದಿನ ದಿನವೇ ಸುತ್ತೋಲೆ ಬಂದಿತ್ತು. ಹುಡುಗಿಗೆ ಸೇವೆಯೇ ಇರಲಿಲ್ಲ.

ಪರಿವೀಕ್ಷಕರು ಒಂದು ಕಾರ್ಡು ಮಗುಚಿದರು. ಕಂದು. ಇನ್ನೊಂದು ಮಗುಚುವ ಮುನ್ನ ಕಣ್ಣು ಮುಚ್ಚಿದರು. ಅದೂ ಕಂದು.

"ಜೋಡಿ," ಎಂದು ನಿರ್ದೇಶಕರು ಘೋಷಿಸಿದರು.

ಜೋಡಿ ಬಂದವರು ಮತ್ತೆ ಆಡಬೇಕು. ಅವರು ಮತ್ತೆ ಆಡಿದರು. ಮತ್ತೆ ಜೋಡಿ. ಬರಬರುತ್ತ ಅವರಿಗೆ ಧೈರ್ಯ ಬಂದು, ಮೊದಲ ಕಾರ್ಡು ಎತ್ತುವಾಗಲೇ ಅದರ ಜೊತೆಯದು ಎಲ್ಲಿದೆಯೆಂದು ಬೆರಳು ತೋರಿಸಿ ಹೇಳತೊಡಗಿದರು. ಒಂದು ಸಲವೂ ತಪ್ಪಲಿಲ್ಲ. ಕಿಟಕಿಯಲ್ಲಿದ್ದ ತಾಯಂದಿರಲ್ಲಿ ಒಬ್ಬಾಕೆ, "ಅಬ್ಬ, ಏನು ನೆನಪಿನ ಶಕ್ತಿ ಕಣೆ, ನಮ್ಮನೆಯವರೂ ಇದಾರೆ ದಂಡಕ್ಕೆ," ಎಂದದ್ದು ಒಳಗೂ ಕೇಳಿಸಿತು.

"ಅಜ್ಜ, ನನ್ನ ಸರದಿ ಯಾವಾಗ?" ಎಂದು ಚಿನಕುರುಳಿ ಕೇಳಿದಳು.

"ನಾನು ತಪ್ಪು ಮಾಡಿದಾಗ ಮಗು."

"ಯಾವಾಗ ಮಾಡ್ತೀರಿ?"

ಪರಿವೀಕ್ಷಕರು ಉಳಿದ ಕಾರ್ಡುಗಳ ಮೇಲೆ ಒಮ್ಮೆ ಕಣ್ಣಾಡಿಸಿ, "ಈ ಸಲ ಆಗಲ್ಲ ಅನ್ಸತ್ತೆ," ಎಂದು ಪ್ರಾಮಾಣಿಕವಾಗಿ ಹೇಳಿದರು. ಹುಡುಗಿ ತಲೆಯಾಡಿಸಿದಳು. ಆಟದ ನಿಯಮ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಣೆ ಖಾಲಿಯಾದಾಗ ಜೋಡಿಗಳೆಲ್ಲ ಪರಿವೀಕ್ಷಕರ ಕಡೆ ಇದ್ದವು. ಅವರು ಹಿರಿಯ ಪರಿವೀಕ್ಷಕರಾದರು. ಚಿನಕುರುಳಿಗೂ ಅನ್ಯಾಯವಾಗಲಿಲ್ಲ. ಇಡೀ ಪಂದ್ಯದಲ್ಲಿ ಒಂದೂ ತಪ್ಪು ಮಾಡದ ಮಗುವೆಂದು ಅವಳಿಗೆ ಪ್ರಮಾಣಪತ್ರ ಕೊಟ್ಟರು. ಅವಳ ತಾಯಿ ಅದಕ್ಕೆ ಕಟ್ಟು ಹಾಕಿಸಿದಳು.

ಯೋಜನೆಯನ್ನು ಎಲ್ಲ ಶಿಶುವಿಹಾರಗಳಿಗೂ ವಿಸ್ತರಿಸಲಾಯಿತು. ಅತ್ತೆಯವರ ಹಲ್ಲಿನ ಸೆಟ್ಟಿಗೆ ಬಿಡುವೇ ಇಲ್ಲವಾಯಿತು. ಮಕ್ಕಳ ಜ್ಞಾಪಕಶಕ್ತಿ ಎಲ್ಲೆಡೆ ನೂರಕ್ಕೆ ನೂರು ಬಂತು. ಎದ್ದ ಸಮಸ್ಯೆ ಒಂದೇ. ಮೊದಲು ಆಡಿದವರೇ ಪೂರ್ತಿ ಆಡಿ ಮುಗಿಸುತ್ತಿದ್ದುದರಿಂದ ಮೊದಲ ಸರದಿಗಾಗಿ ಮನೆಮನೆಗಳ ನಡುವೆ ಮಾತು ಬಿಡುವ ಮಟ್ಟಕ್ಕೆ ಜಗಳವಾಯಿತು. ಅದಕ್ಕೂ ನಿರ್ದೇಶನಾಲಯ ಪರಿಹಾರ ಕಂಡುಹಿಡಿಯಿತು. "ಮಕ್ಕಳು ಸಾಲಿನಲ್ಲಿ ಕುಳಿತು ಮೊದಲ ಸರದಿಗೆ ಕಾಯತಕ್ಕದ್ದು. ಕಾಯುವ ಅವಧಿಯನ್ನು ಆಟದ ಅವಧಿಯೆಂದೇ ಪರಿಗಣಿಸಲಾಗುವುದು." ದಿನಕ್ಕೊಂದು ಮಗು ಆಡುತ್ತದೆ, ಉಳಿದವರು ಕಾಯುತ್ತಾರೆ. ಹೆರಿಗೆ ಆಸ್ಪತ್ರೆಯಿಂದ ನೇರವಾಗಿ ಬಂದು ಸಾಲಿನಲ್ಲಿ ಜಾಗ ಹಿಡಿದು ಹೋಗುವ ತಂದೆಯರೂ ಇದ್ದಾರೆ. ಟೀಚರಮ್ಮ ಮೊದಮೊದಲು ಮುಖ ಗಂಟಿಕ್ಕಿಕೊಂಡಿದ್ದರು. ಸಾಲಿನಲ್ಲಿ ಕುಳಿತ ಮಕ್ಕಳು ಹಾಲು ಚೆಲ್ಲುವುದಿಲ್ಲ, ಏನನ್ನೂ ಕಚ್ಚುವುದಿಲ್ಲ ಎಂದು ತಿಳಿದ ಮೇಲೆ ಅವರೂ ಒಗ್ಗಿಕೊಂಡರು.

ಹಿರಿಯ ಪರಿವೀಕ್ಷಕರು ಮುಂದಿನ ಸಲ ಬಂದಾಗ ಸಾಲು ಬಾಗಿಲು ದಾಟಿ ಅಂಗಳದವರೆಗೆ ಇತ್ತು. ನಡುವೆ ಎಲ್ಲೋ ಚಿನಕುರುಳಿ ಕೈಕಟ್ಟಿ ಕುಳಿತಿದ್ದಳು.

"ಏನಮ್ಮ, ನೆನಪಿನ ಶಕ್ತಿ ಹೇಗಿದೆ?" ಎಂದು ಅವರು ಪ್ರೀತಿಯಿಂದ ಕೇಳಿದರು.

ಹುಡುಗಿ ಕಣ್ಣು ಮುಚ್ಚಿಕೊಂಡಳು. ತನ್ನ ಮುಂದೆ ಕುಳಿತವರನ್ನು ಬಾಗಿಲಿನ ತನಕ ಒಬ್ಬೊಬ್ಬರಾಗಿ ಹೇಳಿದಳು. ಉದ್ದ ಜಡೆಯವಳು, ಸಿಂಬಳದವನು, ಅವಳಿ ಜವಳಿ, ನಿನ್ನೆ ಅತ್ತವನು, ಇವತ್ತು ಅಳುವವನು. ಆಮೇಲೆ ಹಿಂದೆ ಕುಳಿತವರನ್ನೂ ತಿರುಗಿ ನೋಡದೆ ಹೇಳಿದಳು. ಒಂದೂ ತಪ್ಪಲಿಲ್ಲ.

"ಎಲ್ಲಾ ಮಕ್ಕಳಿಗೂ ಹೀಗೇ ಬಾಯಿಪಾಠ ಸರ್," ಎಂದರು ಟೀಚರಮ್ಮ, ಸ್ವಲ್ಪ ಹೆಮ್ಮೆಯಿಂದ.

ಹಿರಿಯ ಪರಿವೀಕ್ಷಕರು ಪೆನ್ನಿನ ಟೋಪಿ ತೆಗೆದು, "ಯೋಜನೆಯ ಉದ್ದೇಶ ಈಡೇರಿರುತ್ತದೆ," ಎಂದು ಬರೆದರು. ಅಷ್ಟರಲ್ಲಿ ಒಳಗೆ ಆ ದಿನದ ಮಗು ಕೊನೆಯ ಜೋಡಿ ಎತ್ತಿತು. ಸಾಲು ಕೂತಲ್ಲಿಂದಲೇ ಒಂದು ಜಾಗ ಮುಂದೆ ಜರುಗಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹಿರಿಯ ಪರಿವೀಕ್ಷಕರೂ ಪೆನ್ನನ್ನು ಜೇಬಿಗೆ ಸಿಕ್ಕಿಸಿ ತಟ್ಟಿದರು.